ಎಣ್ಣೆ ಕಲೆಗೆ ಬೇರೆ ರೇಟು

ನಮ್ಮ ಮನೆಯ ಮೆಟ್ಟಿಲಗಲ್ಲು ಈಗ ಅರ್ಧ ಕೆಂಪು, ಅರ್ಧ ಕಪ್ಪು. ಕೆಂಪು ಬದಿಯ ನಡುವೆ ಅಂಗೈಯಗಲ ಒಂದು ಹೊಸ ಎಣ್ಣೆ ಕಲೆ. ಬಂದವರು ಮೊದಲು ತೊಟ್ಟಿಲ ಕಡೆಗೆ ಹೋಗಬೇಕಲ್ಲವೆ? ಇಲ್ಲ, ಬಾಗಿಲಲ್ಲೇ ನಿಂತು ಕಲ್ಲು ನೋಡುತ್ತಾರೆ.

"ಯಾಕ ನೀಲವ್ವಾರ, ತೊಳ್ಯಾಂವ ಅರ್ಧಕ್ಕ ಬಿಟ್ಟು ಓಡಿ ಹೋದನ?"

ಅದರ ಬೆನ್ನಿಗೇ ಇನ್ನೊಂದು ಮಾತು ತಪ್ಪುವುದಿಲ್ಲ. "ಎಷ್ಟು ತಗೊಂಡ?"

ಎಷ್ಟು ತೆಗೆದುಕೊಂಡ ಎಂದು ಹೇಳಲಿಕ್ಕೇ ಕುಳಿತಿದ್ದೇನೆ. ಆದರೆ ಕುಳಿತು ಹೇಳುವುದು ನನ್ನ ಕಾಲಿಗೆ ಒಗ್ಗದು. ಈ ನಾಲ್ಕು ಸಾಲು ಬರೆಯುವುದರೊಳಗೆ ಎದ್ದು ಹೋಗಿ ತೊಟ್ಟಿಲು ನೋಡಿ ಬಂದೆ. ಕೂಸು ಮಲಗಿದೆ. ಮಲಗಿದ ಕೂಸನ್ನು ಹಾಗೆ ನೋಡುತ್ತ ನಿಲ್ಲಬಾರದು, ದೃಷ್ಟಿಯಾಗುತ್ತದೆ ಎಂದು ಓಣಿಗೆಲ್ಲ ಬುದ್ಧಿ ಹೇಳಿದವಳು ನಾನೇ. ಹೋಗಲಿ, ಆಯಿಯ, ಅಂದರೆ ಅಜ್ಜಿಯ, ದೃಷ್ಟಿ ತಾಗುವುದಿಲ್ಲ ಎಂದು ಈಗ ನಾನೇ ಹೊಸ ಶಾಸ್ತ್ರ ಮಾಡಿಕೊಂಡಿದ್ದೇನೆ.

ಮನೆ ತೊಳೆಯುವುದಕ್ಕೂ ದುಡ್ಡು ಕೊಡಬೇಕು ಎನ್ನುವುದು ನನ್ನ ತಲೆಗೆ ಇಳಿಯಲು ಬಹಳ ದಿನ ಹಿಡಿಯಿತು. ನಾನು ಹುಟ್ಟಿದ್ದು ಯಾವಗಲ್ ಎಂಬ ಹಳ್ಳಿಯಲ್ಲಿ, ಮಣ್ಣಿನ ಮನೆಯಲ್ಲಿ. ಆ ಗೋಡೆಗೆ ನೀರು ಹಾಕಿ ತೊಳೆದಿದ್ದರೆ ಮನೆಯೇ ಕರಗಿ ಹಳ್ಳ ಸೇರುತ್ತಿತ್ತು. ಅಲ್ಲಿ ತೊಳೆಯುವುದು ಎಂದರೆ ಸಗಣಿ ಹಾಕಿ ಸಾರಿಸುವುದು. ನೀರಲ್ಲಿ ತೊಳೆಯುವುದೇನಿದ್ದರೂ ಹಳ್ಳಕ್ಕೇ ಹೋಗಬೇಕು. ಹಬ್ಬದ ಮುಂದೆ ಅವ್ವ ಮನೆಯ ಕೌದಿಗಳನ್ನೆಲ್ಲ ಗಂಟು ಕಟ್ಟಿ ನನ್ನ ತಲೆಯ ಮೇಲೊಂದು, ತನ್ನ ತಲೆಯ ಮೇಲೊಂದು ಹೊರಿಸಿಕೊಂಡು ಹೊರಡುತ್ತಿದ್ದಳು. ನೆನೆದ ಕೌದಿಯನ್ನು ಚಿಕ್ಕ ಹುಡುಗಿಯರು ಕಾಲಲ್ಲಿ ತುಳಿಯಬೇಕು. ನಾನು ತುಳಿಯುವುದರಲ್ಲಿ ಹೆಸರಾದವಳು, ಒಂದೇ ಕಡೆ ನಿಲ್ಲಲಾಗದ ಕಾಲು ನೋಡಿ. ಬೇರೆಯವರ ಕೌದಿ ತುಳಿದರೆ ಒಂದು ಹಿಡಿ ಚುರುಮುರಿ, ಬೆಲ್ಲದ ಚೂರು. ಹೊತ್ತು ಮುಳುಗುವಾಗ ಪಾದ ಒಣದ್ರಾಕ್ಷಿಯ ಹಾಗೆ ನೆರಿಗೆ ಬಿದ್ದಿರುತ್ತಿತ್ತು. ಮೂರನೇ ಇಯತ್ತೆಗೇ ಶಾಲೆ ಬಿಟ್ಟೆಯಲ್ಲ ಎಂದು ಯಾರಾದರೂ ಮರುಗಿದರೆ ನನಗೆ ಶಾಲೆ ನೆನಪಾಗುವುದಿಲ್ಲ, ಆ ತುಳಿತ ನೆನಪಾಗುತ್ತದೆ.

ಇರಲಿ. ಮಾತು ಹಳ್ಳದ ಕಡೆಗೆ ಹರಿಯಿತು.

ಈ ರೋಣದ ಮನೆಯ ಮುಂಭಾಗ ಗಜೇಂದ್ರಗಡದ ಕಡೆಯ ಕೆಂಪು ಕಲ್ಲಿನದು. ನಮ್ಮ ಮಾವನವರು ಚಕ್ಕಡಿಯಲ್ಲಿ ಹೇರಿ ತಂದು ಕಟ್ಟಿಸಿದ್ದಂತೆ. ಕೆಂಪು ಎಂದು ಕೇಳಿ ಗೊತ್ತೇ ಹೊರತು ನಾನು ಕಂಡದ್ದು ಮಸಿಯ ಬಣ್ಣವನ್ನೇ. ಬಾಗಿಲ ಎರಡೂ ಬದಿಗೆ ಕಟ್ಟೆ, ಮುಂದೆ ಫರ್ಸಿ ಕಲ್ಲು ಹಾಸಿದ ಅಂಗಳ. ಬಚ್ಚಲ ನೀರು ಹರಿದು ಹರಿದು ಫರ್ಸಿ ಮೇಲೆ ಪಾಚಿ. ಇದೆಲ್ಲ ಇಷ್ಟು ವರ್ಷ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಸೊಸೆ ಸವಿತಾ ನರಗುಂದದ ತವರಿನಲ್ಲಿ ಹೆತ್ತಳು, ಹೆಣ್ಣು ಕೂಸು. ಆ ಸುದ್ದಿ ಬಂದ ಮರುಗಳಿಗೆಯಿಂದ ಮನೆಯ ತುಂಬ ಹೊಲಸೇ ಕಾಣತೊಡಗಿತು.

ಕೂಸನ್ನು ದವಾಖಾನೆಯಲ್ಲಿ ನೋಡಿದ್ದೆ, ತೊಟ್ಟಿಲಿಗೆ ಹಾಕುವ ದಿನವೂ ನೋಡಿದ್ದೆ. ಆದರೆ ಬೀಗರ ಮನೆಯಲ್ಲಿ ಮೊಮ್ಮಗಳನ್ನು ಎತ್ತಿಕೊಳ್ಳುವುದು ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿದ ಹಾಗೆ. ಬಾಯಿ ಸುಟ್ಟರೂ ಲಗೂ ಮುಗಿಸಬೇಕು. ಬೀಗತಿ ಪಕ್ಕದಲ್ಲೇ ಕೈ ಚಾಚಿ ನಿಂತಿರುತ್ತಾಳೆ, "ಕೊಡ್ರಿ, ಹಸ್ತೈತಿ ಕಾಣತೈತಿ" ಎನ್ನುತ್ತಾಳೆ. ಹೊಟ್ಟೆ ತುಂಬಿ ತೇಗಿದ ಕೂಸಿಗೂ ಅದೇ ಮಾತು.

ಹಾಗಾಗಿ ನಾನು ಐದನೇ ತಿಂಗಳಿಗಾಗಿ ಕಾಯುತ್ತಿದ್ದೆ. ಐದರಲ್ಲಿ ಕೂಸು ನಮ್ಮ ಮನೆಗೆ ಬರಬೇಕು, ಅದೂ ಮಣ್ಣೆತ್ತಿನ ಅಮವಾಸ್ಯೆಯೊಳಗೆ. ಅಮವಾಸ್ಯೆ ದಾಟಿದರೆ ಆಷಾಢ. ಆಷಾಢದಲ್ಲಿ ಹೊಸ ಕೂಸನ್ನು ಹೊಸ್ತಿಲು ದಾಟಿಸುವುದಿಲ್ಲ. ಆಮೇಲೆ ಶ್ರಾವಣವೇ. ಒಲೆಯ ಮೇಲಿನ ಹಾಲು ಉಕ್ಕುವವರೆಗೆ ನಿಲ್ಲಲಾಗದ ನನಗೆ ಶ್ರಾವಣದವರೆಗೆ ನಿಲ್ಲು ಎಂದರೆ ಹೇಗೆ?

ಬರುವ ದಿನ ಗೊತ್ತಾಯಿತು, ಅಮವಾಸ್ಯೆಯ ಹಿಂದಿನ ದಿನ. ಬೀಗರೇ ಕಾರು ಮಾಡಿಕೊಂಡು ತಂದು ಬಿಡುವವರು. ಅವರ ಮನೆಯ ಟೈಲ್ಸಿನಲ್ಲಿ ಮುಖ ಕಾಣುತ್ತದೆ. ನಮ್ಮ ಅಂಗಳ ನೋಡಿದೆ. ಅದರಲ್ಲಿ ಎಮ್ಮೆಯ ಮುಖವೂ ಕಾಣುವಂತಿರಲಿಲ್ಲ.

"ತೊಳಿಸೂಣ್ರಿ" ಎಂದೆ ನಮ್ಮ ಮನೆಯವರಿಗೆ. "ಮಷೀನ್ ತಂದು ನೀರು ಹೊಡದು ತೊಳೀತಾರಂತ."

"ಗ್ವಾಡಿ ತೊಳ್ಯಾಕ ರೊಕ್ಕ ಕೊಡೂದನ? ಮೊಮ್ಮಗಳು ಹುಟ್ಟಿದ್ದಕ್ಕ ನಿನ್ನ ತಲಿ ತಿರಗೈತಿ. ಹಂತಾ ಮಷೀನ್ ನಮ್ಮ ಹೊಲದಾಗ ಇಲ್ಲೇನು?"

ಅವರು ಹೇಳಿದ ಮಷೀನು ಯಾವುದೆಂದು ನನಗೆ ಆಗ ಹೊಳೆಯಲಿಲ್ಲ. ನಾನು ಕಿರಾಣಿ ಅಂಗಡಿಗೆ ಹೋಗಿ ಬರುವುದರೊಳಗೆ ಯಜಮಾನರು ಮೆಣಸಿನ ಗಿಡಕ್ಕೆ ಔಷಧ ಹೊಡೆಯುವ ಪಂಪನ್ನು ಬೆನ್ನಿಗೆ ಕಟ್ಟಿಕೊಂಡು, ಧೋತರ ಎತ್ತಿ ಕಟ್ಟಿ, ಕಟ್ಟೆಗೂ ಗೋಡೆಗೂ ಸುಯ್ಯೆಂದು ಹೊಡೆಯುತ್ತಿದ್ದರು. ಪಂಪಿನ ತಳದಲ್ಲಿ ಹೋದ ಹಂಗಾಮಿನ ಔಷಧ ಕುಳಿತಿತ್ತು. ಪಾಚಿ ಅಲುಗಲಿಲ್ಲ. ವಾಸನೆ ಮಾತ್ರ ಓಣಿಯ ಆಚೆ ತುದಿಗೆ ಮುಟ್ಟಿತು. ಎಮ್ಮೆ ಮುಖ ತಿರುಗಿಸಿತು. ಎದುರು ಮನೆಯ ಗಿರಿಜವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಬಂದು, "ಯಜಮಾನ್ರ, ಗ್ವಾಡಿಗೆ ಹುಳ ಬಿದ್ದಿತ್ತೇನ್ರಿ?" ಎಂದಳು.

ನಗುವ ಹೊತ್ತಾಗಿರಲಿಲ್ಲ. ಮಗ ಮಲ್ಲೇಶ ಇದೇ ಊರಿನ ಬಜಾರದಲ್ಲಿ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಹೊಟ್ಟೆಯಲ್ಲಿ ಮಾತು ಉಳಿಯುವ ಜಾತಿಯಲ್ಲ ಅವನದು, ನನ್ನನ್ನೇ ಹೋಲುತ್ತಾನೆ. ಸಂಜೆಯೊಳಗೆ ಹೆಂಡತಿಗೆ ಫೋನು ಮಾಡಿ ಹೇಳಿಬಿಟ್ಟಿದ್ದ. ಸವಿತಾ ನನಗೆ ಫೋನು ಹಚ್ಚಿದಳು.

"ಅತ್ತಿ, ಸಿಟ್ಟಾಗಬ್ಯಾಡ್ರಿ. ಔಷಧದ ವಾಸನಿ ಇದ್ದ ಮನಿಗೆ ಕೂಸಿನ್ನ ಹ್ಯಾಂಗ ತರೂದ್ರಿ?"

ಹಿಂದಿನಿಂದ ಬೀಗತಿಯ ದನಿ ಚೆನ್ನಾಗಿ ಕೇಳಿಸಿತು. ಕೇಳಲೆಂದೇ ಆಡಿದ ದನಿ. "ಅವಸರೇನೈತಿ? ಶ್ರಾವಣದಾಗ ಹೋದರಾತು ಬಿಡ."

ಸವಿತಾಳ ಮಾತಿನಲ್ಲಿ ತಪ್ಪಿಲ್ಲ. ಅವಳ ಜಾಗದಲ್ಲಿದ್ದರೆ ನಾನು ಆ ಓಣಿಗೇ ಬರುತ್ತಿರಲಿಲ್ಲ. "ವಾಸನಿ ಹೋಕ್ಕೈತಿ. ನೀ ಕೂಸಿನ ಅರಿವಿ ಮಡಚಿ ಇಡು" ಎಂದು ಫೋನಿಟ್ಟೆ. ಆ ಹೊತ್ತಿನಿಂದ ನನ್ನ ಕಾಲಿಗೆ ಗಾಲಿ ಬಂದವು. ಒಳಗೆ ಹೋಗಿ ಮೂಸುವುದು, ಹೊರಗೆ ಬಂದು ಮೂಸುವುದು. ಸಾಬೂನು ಪುಡಿ ಸುರಿದು ಪೊರಕೆಯಿಂದ ಉಜ್ಜಿದೆ. ಔಷಧಕ್ಕೆ ಮಲ್ಲಿಗೆಯ ವಾಸನೆ ಸೇರಿತು, ಅಷ್ಟೇ.

ಮಲ್ಲೇಶ ಮೊದಲು ಯಾರದೋ ನಂಬರು ಹುಡುಕಿ ನನ್ನ ಕಿವಿಗೆ ಹಿಡಿದ. ಆಚೆಯವನು, "ಎಷ್ಟು ಸ್ಕ್ವೇರ್ ಫೂಟ್ ಐತ್ರಿ?" ಎಂದ. ನಾನು, "ಗ್ವಾಡಿ ಬಾಜೂಕ ಎರಡು ಎತ್ತು ಅಡ್ಡ ನಿಂತಷ್ಟೈತ್ರಿ" ಎಂದೆ. ಅವನು ಎತ್ತು ಮಾರಿದರೂ ಬರದಂಥ ಒಂದು ಮೊತ್ತ ಹೇಳಿದ. ಮನೆ ನೋಡದೆ ದರ ಹೇಳುವವನ ಜೊತೆ ಮಾತು ಬೆಳೆಸಬೇಡಿ, ಇದು ನನ್ನ ಮೊದಲನೇ ಪಾಠ. ಅವನು ತನಗೆ ಗೊತ್ತಿಲ್ಲದ್ದಕ್ಕೂ ಸೇರಿಸಿ ಹೇಳುತ್ತಾನೆ.

ಮರುದಿನ ಗಜೇಂದ್ರಗಡದಿಂದ ರಾಜೇಸಾಬ ಬಂದ. ಟ್ರ್ಯಾಕ್ಟರು, ಕಾರು ತೊಳೆಯುವ ಅಂಗಡಿ ಅವನದು. ಈಚೆಗೆ ಮಷೀನನ್ನು ಟಂಟಂ ಎಂಬ ಮೂರು ಗಾಲಿಯ ಗಾಡಿಯಲ್ಲಿ ಹೇರಿಕೊಂಡು ಮನೆಗಳನ್ನೂ ತೊಳೆಯುತ್ತಾನೆ. ದಪ್ಪ ಮೀಸೆ, ತಣ್ಣನೆಯ ಮಾತು. ಗೋಡೆಗೆ ಮೂಗು ಹಚ್ಚಿ ನೋಡಿದ.

"ಇದು ಹತ್ತಿ ಔಷಧನೋ ಮೆಣಸಿನಕಾಯಿದೋ?"

"ಮೆಣಸಿನಕಾಯಿದು" ಎಂದರು ಯಜಮಾನರು, ಹೆಮ್ಮೆಯಿಂದ.

"ಇಳುವರಿ ಹ್ಯಾಂಗ ಬಂತ್ರಿ ಗ್ವಾಡ್ಯಾಗ?"

ನಾನು ಎರಡು ದಿನದ ಮೇಲೆ ಮೊದಲ ಸಲ ನಕ್ಕೆ. ನಮ್ಮವರು ನಗಲಿಲ್ಲ.

ರಾಜೇಸಾಬ ಅಳೆದು ಹೇಳಿದ. ಫರ್ಸಿಗೆ ಫೂಟಿಗೆ ನಾಲ್ಕು ರೂಪಾಯಿ, ಕಲ್ಲಿನ ಗೋಡೆಗೆ ಆರು. ಕಲ್ಲಿನ ಸಂದಿಯ ಸುಣ್ಣ ಹಾರಿ ಹೋಗದ ಹಾಗೆ ದೂರ ನಿಂತು ಹೊಡೆಯಬೇಕು, ಅದಕ್ಕೆ ಹೊತ್ತು ಹಿಡಿಯುತ್ತದೆ, ಆದ್ದರಿಂದ ಹೆಚ್ಚು. ಔಷಧದ ವಾಸನೆಗೆ ಸಾಬೂನು ನೀರಿನ ಕೈ ಒಂದು ಹೆಚ್ಚು. ಗಾಡಿಯ ಖರ್ಚು ಬೇರೆ. ನೀರು ನಮ್ಮದು, ಅದೂ ಸಿಹಿ ನೀರೇ ಬೇಕು. ನಮ್ಮ ಬೋರಿನದು ಸವಳು. ಅದರಲ್ಲಿ ತೊಳೆದರೆ ಒಣಗಿದ ಮೇಲೆ ಕಲ್ಲಿಗೆ ಬಿಳಿ ಚಿಬ್ಬು ಕೂರುತ್ತದೆ. ಟ್ಯಾಂಕರು ತರಿಸಬೇಕು. ತೊಳೆಯುವವನಿಗಿಂತ ನೀರಿನವನ ಕೈಗೆ ಹೆಚ್ಚು ದುಡ್ಡು ಬೀಳುವುದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ.

ಆಮೇಲೆ ಅವನು ಮೆಟ್ಟಿಲಗಲ್ಲಿನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಉಗುರಿನಿಂದ ಕೆರೆದ. ಹೊಸ್ತಿಲ ಎರಡು ತುದಿಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು, ಕರ್ರನೆಯ ಕಲೆ ಹರಡಿ ನಡುವೆ ಒಂದಾಗಿ ಇಡೀ ಕಲ್ಲನ್ನು ನುಂಗಿತ್ತು.

"ಇದು ಎಣ್ಣಿ. ಎಣ್ಣಿ ಕಲಿಗೆ ಬ್ಯಾರೆ ರೇಟ್ರಿ. ಸೋಡಾ, ಬಿಸಿನೀರು, ಆಮ್ಯಾಲೆ ಮಷೀನ್."

ಹೊಸ್ತಿಲಿಗೆ ಎಣ್ಣೆ ಹಾಕುವುದು ನಮ್ಮ ಕಡೆಯ ಪದ್ಧತಿ. ಮದುವಣಗಿತ್ತಿ ಮನೆಗೆ ಬಂದಾಗ, ಕೂಸು ಮೊದಲ ಸಲ ಬಂದಾಗ, ಒಳಗೆ ಕಾಲಿಡುವ ಮುಂಚೆ ಹೊಸ್ತಿಲ ಎರಡೂ ಬದಿಗೆ ಎಣ್ಣೆ ಸುರಿಯುತ್ತೇವೆ. ಅದು ಹರಿದು ಕೆಳಗಿನ ಕಲ್ಲಿಗೆ ಇಳಿಯುತ್ತದೆ. ಮಾವನವರ ಕಾಲದಿಂದ ಇಳಿದದ್ದೆಲ್ಲ ಅಲ್ಲಿತ್ತು.

"ಅದನ್ನ ಬಿಡು. ಇರಲಿ" ಎಂದರು ಯಜಮಾನರು.

"ಬಿಡೂದಲ್ಲ. ಬೀಗತಿ ಮೊದಲ ಕಾಲಿಡೂದ ಅಲ್ಲಿ" ಎಂದೆ ನಾನು. "ಅದನ್ನೂ ತೊಳಿಯಪ್ಪ."

ದರ ಕುದುರಿಸುವುದು ಯಜಮಾನರ ಪಾಲಿನ ಕೆಲಸ. ದನದ ಸಂತೆ ಬಿಟ್ಟು ಬೇರೆಲ್ಲೂ ವ್ಯಾಪಾರ ಮಾಡಿ ಅವರಿಗೆ ಗೊತ್ತಿಲ್ಲ. ಹೆಗಲ ಮೇಲಿನ ಟವೆಲ್ಲು ತೆಗೆದು ರಾಜೇಸಾಬನ ಕೈ ಮೇಲೆ ಹಾಕಿ, ಅದರೊಳಗೆ ಅವನ ಬೆರಳು ಹಿಡಿದರು. ಸಂತೆಯಲ್ಲಿ ಎತ್ತಿನ ಬೆಲೆ ಮೂರನೆಯವರಿಗೆ ತಿಳಿಯದ ಹಾಗೆ ಕೂಡಿಸುವುದು ಹೀಗೆಯೇ. ರಾಜೇಸಾಬನಿಗೆ ನಗು ತಡೆಯಲಾಗದಿದ್ದರೂ ಅವನೂ ಬೆರಳು ಒತ್ತಿದ. ಇವರು ತಲೆ ಅಲ್ಲಾಡಿಸಿದರು. ಅವನು ಆಕಾಶ ನೋಡಿದ. ಇವರು ಮತ್ತೆ ಒತ್ತಿದರು. ನನ್ನ ಮನೆಯ ಗೋಡೆಯ ದರ ನನ್ನ ಕಣ್ಣ ಮುಂದೆಯೇ ಟವೆಲ್ಲಿನ ಕೆಳಗೆ ತೀರ್ಮಾನವಾಗುತ್ತಿತ್ತು, ನನಗೊಬ್ಬಳಿಗೇ ತಿಳಿಯಲಿಲ್ಲ.

"ಎಷ್ಟಾತ್ರಿ?"

"ಆತು ಬಿಡು. ನಿನಗ್ಯಾಕ?"

ಊಟಕ್ಕೆ ಬಡಿಸುವಾಗ ರೊಟ್ಟಿ ಕೈಯಲ್ಲೇ ಹಿಡಿದು ನಿಂತೆ, ಆಗ ಬಾಯಿ ಬಿಟ್ಟರು. ನೀರು, ಗಾಡಿ, ಎಣ್ಣೆ ಕಲೆ ಎಲ್ಲ ಕೂಡಿ ಐದು ಸಾವಿರದ ಒಳಗೆ. ನಮ್ಮದು ಸಣ್ಣ ಮನೆ, ಮುಂಭಾಗವಷ್ಟೇ. ಮೇಲಿನ ಮಹಡಿಯಿದ್ದರೆ, ಹಗ್ಗ ನಿಚ್ಚಣಿಕೆ ಬೇಕಾದರೆ ಇದರ ಎರಡರಷ್ಟು ಎಂದುಕೊಳ್ಳಿ. ಕೇಳುವವರಿಗೆಲ್ಲ ನಾನು ಹೇಳುವುದು ಇಷ್ಟೇ: ದರಕ್ಕಿಂತ ಮೊದಲು ನೀರು ಯಾರದು ಎಂದು ಕೇಳಿರಿ, ಮೂಲೆಯಲ್ಲಿ ಒಂದು ಮೊಳ ತೊಳೆಸಿ ನೋಡಿರಿ, ಟವೆಲ್ಲಿನ ಕೆಳಗೆ ಇಣುಕಿರಿ.

ತೊಳೆಯುವ ದಿನ ಬಂತು. ಮರುದಿನವೇ ಕೂಸು ಬರಬೇಕು. ಟ್ಯಾಂಕರು ಬರಲಿಲ್ಲ. ಟ್ಯಾಂಕರು ಬಂದಾಗ ಕರೆಂಟು ಹೋಯಿತು. ಕರೆಂಟು ಬಂದಾಗ ಮೋಡ ಕಟ್ಟಿತು. ನಾನು ಕಟ್ಟೆಯಿಂದ ರಸ್ತೆಗೆ, ರಸ್ತೆಯಿಂದ ಕಟ್ಟೆಗೆ ತಿರುಗಿದೆ. "ಅವ್ವಾ, ಒಂದ ಕಡೆ ಕುಂದರ. ನಿನ್ನ ನೋಡಿ ನನಗ ತಲಿ ಸುತ್ತಾಕತ್ತೈತಿ" ಎಂದ ಮಲ್ಲೇಶ. ಅವನೋ ನಿಮಿಷಕ್ಕೊಮ್ಮೆ ಫೋನು ತೆಗೆದು ಕೂಸಿನ ಫೋಟೋ ನೋಡುತ್ತಿದ್ದ.

ಕೊನೆಗೂ ಮಷೀನು ಗುರ್ರೆಂದಿತು. ರಾಜೇಸಾಬ ಗನ್ನು ಹಿಡಿದು ಗೋಡೆಯ ಮೇಲೆ ಒಂದು ಪಟ್ಟೆ ಎಳೆದ. ಮಸಿಯ ನಡುವೆ ಸೀಳಿದ ಕಲ್ಲಂಗಡಿಯ ಹಾಗೆ ಕೆಂಪು ಕಂಡಿತು. ಓಣಿಗೆ ಓಣಿಯೇ ಬಂದು ನಿಂತಿತು. ಯಜಮಾನರು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು, "ನಮ್ಮಪ್ಪ ಕಟ್ಟಿಸಿದಾಗ ಹಿಂಗ ಇತ್ತು ನೋಡು" ಎಂದರು. ಅವರು ಆಗ ಹುಟ್ಟಿಯೇ ಇರಲಿಲ್ಲ. ಗಿರಿಜವ್ವ ಮನೆಯಿಂದ ಒರಳುಕಲ್ಲು ಉರುಳಿಸಿಕೊಂಡು ಬಂದು, "ಇದಕ್ಕೂ ಒಂದೀಟು ಹೊಡೀರಿ ಸಾಹೇಬ್ರ" ಎಂದಳು. ಇನ್ನೊಬ್ಬರು ಸೈಕಲ್ಲು ತಂದರು. ಮತ್ತೊಬ್ಬರು ತಮ್ಮ ಮುದಿ ನಾಯಿಯನ್ನು. ನಾಯಿ ಗನ್ನು ನೋಡಿ ಓಡಿತು. ಓಡಿದ್ದು ಚಲೋ ಆಯಿತು, ಆ ನೀರು ತಾಗಿದರೆ ಚರ್ಮ ಏಳುತ್ತದಂತೆ.

ಗೋಡೆ ಮುಗಿಯಿತು, ಕಟ್ಟೆ ಮುಗಿಯಿತು, ಫರ್ಸಿ ಮುಗಿಯಿತು. ಮೂಸಿ ನೋಡಿದೆ. ಔಷಧದ ವಾಸನೆ ಹೋಗಿ ಒದ್ದೆ ಕಲ್ಲಿನ ವಾಸನೆಯಷ್ಟೇ ಉಳಿದಿತ್ತು. ಜೀವ ಅರ್ಧ ಹಗುರಾಯಿತು. ಉಳಿದದ್ದು ಮೆಟ್ಟಿಲಗಲ್ಲು.

ನಾನೇ ಹಂಡೆಯಲ್ಲಿ ಕಾಯಿಸಿದ ನೀರನ್ನು ತಂದು ಕೊಟ್ಟೆ. ರಾಜೇಸಾಬ ಸೋಡಾ ಹರಡಿ, ಕುದಿನೀರು ಸುರಿದು, ಬಲಗಡೆಯಿಂದ ಹೊಡೆಯಲು ಹಿಡಿದ. ಕಲ್ಲಿನಿಂದ ಹಬೆ ಎದ್ದಿತು. ಕಂದು ನೊರೆ ಅಂಗಳಕ್ಕೆ ಹರಿಯಿತು. ಆ ಹಬೆಯೊಳಗಿಂದ ಒಂದು ವಾಸನೆ ಬಂತು. ನಾನು ನಿಂತಲ್ಲೇ ನಿಂತೆ. ಗಾಲಿ ಕಟ್ಟಿದ ಕಾಲು ಅಷ್ಟು ದಿನಗಳಲ್ಲಿ ಮೊದಲ ಸಲ ನಿಂತದ್ದು ಆಗ.

ಕುಸುಬಿ ಎಣ್ಣೆ.

ಈಗ ಯಾರ ಮನೆಯಲ್ಲೂ ಗಾಣದ ಕುಸುಬಿ ಎಣ್ಣೆಯಿಲ್ಲ. ನಮ್ಮತ್ತೆಯ ಕಾಲದ್ದು ಅದು. ಅತ್ತೆ ಎಣ್ಣೆಯ ವಿಷಯದಲ್ಲಿ ಭಾರಿ ಜಿಪುಣಿ. ಕಡಲೆಹಿಟ್ಟಿನ ಜುಣಕಕ್ಕೆ ಒಗ್ಗರಣೆ ಹಾಕುವಾಗ ಡಬ್ಬಿಯನ್ನು ಬಗ್ಗಿಸಿ, ಅದು ಎಚ್ಚರಾಗುವ ಮುಂಚೆ ನೆಟ್ಟಗೆ ಮಾಡುತ್ತಿದ್ದಳು. ಕೂದಲಿಗೆ ಎಣ್ಣೆ ಕೇಳಿದರೆ ತನ್ನ ತಲೆಯಿಂದ ಅಂಗೈ ಉಜ್ಜಿ ನನ್ನ ತಲೆಗೆ ಒರೆಸುತ್ತಿದ್ದಳು. ಅಂಥವಳು ನಾನು ಯಾವಗಲ್ಲಿನಿಂದ ಮದುವಣಗಿತ್ತಿಯಾಗಿ ಬಂದ ದಿನ ಸೌಟಲ್ಲ, ಎಣ್ಣೆ ತುಂಬಿದ ಚರಿಗೆಯನ್ನೇ ಹಿಡಿದು ನಿಂತಿದ್ದಳು. ಈ ಬದಿಗೆ ಅರ್ಧ, ಆ ಬದಿಗೆ ಅರ್ಧ, ಪೂರ್ತಿ ಸುರಿದಳು. ಎಣ್ಣೆ ದಳದಳ ಇಳಿಯುತ್ತಿತ್ತು. ನಾನು ಹೆದರಿ ತಲೆ ತಗ್ಗಿಸಿ ನಿಂತಿದ್ದೆ. ದೊಡ್ಡ ಮಾತೇನೋ ಆಡುತ್ತಾಳೆ ಎಂದು ಕಾದೆ. "ಬಾರವ್ವಾ. ಎಣ್ಣಿ ಮ್ಯಾಲೆ ಕಾಲಿಡಬ್ಯಾಡ, ಜಾರೀತು" ಎಂದಳು. ಆ ಮನೆಯಲ್ಲಿ ನಾನು ಕೇಳಿದ ಮೊದಲ ಮಾತು ಅದು. ಮಲ್ಲೇಶನನ್ನು ಎತ್ತಿಕೊಂಡು ಬಂದಾಗಲೂ ಚರಿಗೆ ಅದೇ, ಮಾತೂ ಅದೇ.

ಅದೆಲ್ಲ ಈಗ ಕಂದು ನೊರೆಯಾಗಿ ಗಟಾರಕ್ಕೆ ಹೊರಟಿತ್ತು. ಹೆಚ್ಚಿಗೆ ರೇಟು ಒಪ್ಪಿ ಕಳಿಸುತ್ತಿದ್ದವಳು ನಾನೇ.

"ನಿಂದರಸ!" ಎಂದು ಕೂಗಿದೆ. ಮಷೀನಿನ ಗದ್ದಲದಲ್ಲಿ ಯಾರಿಗೆ ಕೇಳಬೇಕು? ರಾಜೇಸಾಬ ನನ್ನ ಕಡೆ ನೋಡಿ, ಭೇಷ್ ಎಂದೆನೆಂದು ತಿಳಿದು, ಮೀಸೆಯಲ್ಲೇ ನಕ್ಕು ಇನ್ನಷ್ಟು ಹುಮ್ಮಸ್ಸಿನಿಂದ ಹೊಡೆದ. ನೀರು ಕಲ್ಲಿನ ನಡುವಿಗೆ ಬಂತು. ನನಗೆ ಬೇರೆ ಹೊಳೆಯಲಿಲ್ಲ. ಹೋಗಿ ಉಳಿದರ್ಧ ಕಲ್ಲಿನ ಮೇಲೆ ದೊಪ್ಪೆಂದು ಕುಳಿತುಬಿಟ್ಟೆ.

ಅವನು ಗನ್ನು ಆಕಾಶಕ್ಕೆ ಎತ್ತಿದ. ಓಣಿಯ ಮೇಲೆ ಒಂದು ಸಣ್ಣ ಮಳೆಯಾಯಿತು.

"ಅಮ್ಮಾರ! ಕಾಲು ಕಿತ್ತು ಬರ್ತಿತ್ತಲ್ರಿ! ಏನಾತ್ರಿ?"

"ಇಷ್ಟ ಸಾಕಪ್ಪ."

"ಅರ್ಧಾಗೇತ್ರಿ!"

"ಅರ್ಧ ಸಾಕು. ರೇಟು ಪೂರ್ತಿ ತಗೋ."

ಅವನು ಯಜಮಾನರ ಮುಖ ನೋಡಿದ. ಯಜಮಾನರು ನನ್ನ ಮುಖ ನೋಡಿದರು. ಅವರಿಗೂ ಆ ವಾಸನೆ ಮುಟ್ಟಿತ್ತೆಂದು ಕಾಣುತ್ತದೆ, ಅವರ ಅವ್ವನಲ್ಲವೆ. "ಆಕಿ ಎದ್ದೇಳಂಗಿಲ್ಲ. ಮಷೀನ್ ಬಂದ್ ಮಾಡು" ಎಂದರು.

"ಅರ್ಧಕ್ಕ ಪೂರ್ತಿ ರೊಕ್ಕ ತಗೊಳ್ಳೂದು ನ್ಯಾಯಲ್ರಿ" ಎಂದ ರಾಜೇಸಾಬ, ಮೀಸೆ ಒರೆಸಿಕೊಳ್ಳುತ್ತ. "ಆದ್ರ ನಾಳೆ ಊರ ಮಂದಿ ರಾಜೇಸಾಬ ಅರ್ಧ ಬಿಟ್ಟು ಹೋದ ಅಂತಾರಲ್ಲ, ಅದಕ್ಕ ತಗೋತೀನಿ."

ಹೀಗೆ ಕಲೆ ತೊಳೆದದ್ದಕ್ಕೆ ಅರ್ಧ, ಅವನ ಹೆಸರು ಕೆಡಿಸಿದ್ದಕ್ಕೆ ಅರ್ಧ, ಎರಡೂ ಕೊಟ್ಟೆವು.

ಮರುದಿನ ಓಣಿಯ ಹುಡುಗರು ಎರೆಮಣ್ಣು ತಂದು ತೊಳೆದ ಕಟ್ಟೆಯ ಮೇಲೆಯೇ ಮಣ್ಣೆತ್ತು ಮಾಡಲು ಕುಳಿತರು. ಗದರಿಸಲು ಹೊರಗೆ ಬಂದೆ. ಅಷ್ಟರಲ್ಲಿ ಕಾರಿನ ಸಪ್ಪಳವಾಯಿತು. ಗದರಿಸುವುದು ಬಾಯಲ್ಲೇ ಉಳಿಯಿತು. ಒಳಗೋಡಿದೆ, ಹೊರಗೋಡಿದೆ, ಚರಿಗೆ ಮರೆತು ಬಂದೆನೆಂದು ಮತ್ತೆ ಒಳಗೋಡಿದೆ. ಸವಿತಾ ಕೂಸನ್ನು ಎದೆಗೊತ್ತಿಕೊಂಡು ಇಳಿದಳು. ಅಂಗಳದಲ್ಲಿ ನಿಂತು ಗಾಳಿ ಮೂಸಿದಳು. ನಾನೂ ಮೂಸಿದೆ. ಅವಳು ನಕ್ಕಳು.

ಬೀಗತಿ ಗೋಡೆ ನೋಡಿ ಹುಬ್ಬೇರಿಸಿದಳು. ಕಣ್ಣು ಕೆಳಗಿಳಿದು ಮೆಟ್ಟಿಲಗಲ್ಲಿಗೆ ಬಂತು. "ಯಾಕ್ರಿ ಬೀಗತಿ, ಇದೊಂದು ಅರ್ಧ ಬಿಟ್ಟೀರಿ?"

"ಆ ಅರ್ಧ ತುಂಬೈತ್ರಿ. ಈ ಅರ್ಧ ನಿಮ್ಮ ಮೊಮ್ಮಗಳಿಗೆ ಖಾಲಿ ಮಾಡಿಸೀನಿ" ಎಂದೆ. ಬೀಗತಿ ಒಂದು ಹೆಜ್ಜೆ ಹಿಂದೆ ಸರಿದು ದಾರಿ ಬಿಟ್ಟಳು. ನನ್ನ ಮೊಮ್ಮಗಳು ಎನ್ನುವ ಬದಲು ನಿಮ್ಮ ಮೊಮ್ಮಗಳು ಎಂದೆನಲ್ಲ, ಅಷ್ಟು ಹಿಗ್ಗಿದ್ದೆ ನಾನು.

ಚರಿಗೆ ಬಗ್ಗಿಸಿದೆ. ಎಡಕ್ಕೆ ಸುರಿದದ್ದು ಹಳೆಯ ಕಪ್ಪಿನಲ್ಲಿ ಕಾಣದಾಯಿತು. ಬಲಕ್ಕೆ ಸುರಿದೆ. ಕೆಂಪು ಕಲ್ಲು ಬಾಯಾರಿದ್ದ ಹಾಗೆ ಕುಡಿಯಿತು, ಅಂಗೈಯಗಲ ಕಪ್ಪಾಯಿತು. ಇನ್ನೂ ಸುರಿದೆ. "ಎಣ್ಣಿ ರೇಟು ಗೊತ್ತೈತೇನು ನಿನಗ?" ಎಂದರು ಹಿಂದಿನಿಂದ ಯಜಮಾನರು. ಕೂಸು ಕಣ್ಣು ಬಿಟ್ಟು ಚರಿಗೆಯ ಹೊಳಪನ್ನೇ ನೋಡುತ್ತಿತ್ತು. ಎಷ್ಟೋ ಆಶೀರ್ವಾದದ ಮಾತು ಕೂಡಿಸಿಟ್ಟಿದ್ದೆ, ಒಂದೂ ನಾಲಗೆಗೆ ಬರಲಿಲ್ಲ. ಸವಿತಾ ಬಲಗಾಲು ಎತ್ತಿದಳು.

"ಬಾರವ್ವಾ" ಎಂದೆ. "ಎಣ್ಣಿ ಮ್ಯಾಲೆ ಕಾಲಿಡಬ್ಯಾಡ, ಜಾರೀತು."